ಮಲ್ಮಲ್ ಅಂಗಿಯ ರಾಣಿ: 1783ರ ಒಂದು ಭಾವಚಿತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೇರಿ ಆಂಟೊನೆಟ್ ಚಿತ್ರ ಅಂತ ಹುಡುಕಿದರೆ ರಾಶಿ ರಾಶಿ ಸಿಗುತ್ತವೆ. ಎಲ್ಲದರಲ್ಲೂ ರೇಷ್ಮೆ, ಮುತ್ತು, ಎತ್ತರದ ಕೂದಲು. ಆದರೆ ಒಂದು ಚಿತ್ರ ಬೇರೆಯೇ ಇದೆ. ಹುಲ್ಲಿನ ಟೋಪಿ, ಬಿಳಿ ಮಲ್ಮಲ್ ಅಂಗಿ, ಕೈಯಲ್ಲೊಂದು ಗುಲಾಬಿ. ಅಷ್ಟೇ. ಇದನ್ನು ಪ್ರದರ್ಶನಕ್ಕಿಟ್ಟಾಗ ಪ್ಯಾರಿಸ್ಸಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ನನಗೆ ತುಂಬಾ ಇಷ್ಟವಾದ ಚಿತ್ರ ಇದು. ಇದರ ಬಗ್ಗೆ ಮಾತು ತೆಗೆದಾಗೆಲ್ಲ ಸ್ನೇಹಿತರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಚಿತ್ರದಲ್ಲಿ ನಿಜವಾಗಿ ಏನಿದೆ?

ಒಬ್ಬ ಹೆಂಗಸು, ತಲೆಯಿಂದ ತೊಡೆಯವರೆಗೆ. ವಯಸ್ಸು ಇಪ್ಪತ್ತೇಳು. ತಲೆಯ ಮೇಲೆ ಅಗಲ ಅಂಚಿನ ಹುಲ್ಲಿನ ಟೋಪಿ, ಅದಕ್ಕೆ ಬೂದುನೀಲಿ ರಿಬ್ಬನ್ನು, ಗರಿ. ಮೈಮೇಲೆ ಬಿಳಿ ಅಂಗಿ, ಕೊರಳ ಸುತ್ತ ನೆರಿಗೆ ನೆರಿಗೆಯಾಗಿ ಬಿದ್ದಿದೆ. ಸೊಂಟಕ್ಕೆ ಹೊಂಬಣ್ಣದ ತೆಳು ಪಟ್ಟಿ ಕಟ್ಟಿದ್ದಾಳೆ. ಎಡಗೈಯಲ್ಲಿ ಗುಲಾಬಿ. ಬಲಗೈ ಅದರ ತೊಟ್ಟಿಗೆ ರಿಬ್ಬನ್ನು ಸುತ್ತುತ್ತಿದೆ.

ಇಲ್ಲದ್ದು ಏನು ಅನ್ನೋದು ಇನ್ನೂ ಮುಖ್ಯ. ಕಿರೀಟ ಇಲ್ಲ. ಸಿಂಹಾಸನ ಇಲ್ಲ. ಕೊರಳು ಬರಿದು, ಕೈ ಬರಿದು. ಇವಳು ಫ್ರಾನ್ಸಿನ ರಾಣಿ ಅಂತ ಹೇಳುವ ಒಂದೇ ಒಂದು ಗುರುತೂ ಚಿತ್ರದಲ್ಲಿಲ್ಲ.

ಈ ರಾಣಿ ಯಾರು, ಚುಟುಕಾಗಿ ಹೇಳಿ.

ಆಸ್ಟ್ರಿಯಾದ ಮಹಾರಾಣಿ ಮರಿಯಾ ತೆರೇಸಾಳ ಮಗಳು. ಹುಟ್ಟಿದ್ದು 1755ರ ನವೆಂಬರ್ 2ರಂದು, ವಿಯೆನ್ನಾದಲ್ಲಿ. ಹದಿನಾಲ್ಕು ವರ್ಷಕ್ಕೇ ಫ್ರಾನ್ಸಿಗೆ ಸೊಸೆಯಾಗಿ ಬಂದಳು. ಗಂಡ 1774ರಲ್ಲಿ ಹದಿನಾರನೇ ಲೂಯಿ ಆಗಿ ಪಟ್ಟಕ್ಕೆ ಬಂದಾಗ ಈಕೆ ರಾಣಿಯಾದಳು. ಫ್ರೆಂಚ್ ಕ್ರಾಂತಿಯಲ್ಲಿ, 1793ರ ಅಕ್ಟೋಬರ್ 16ರಂದು, ಗಿಲೊಟಿನ್‌ಗೆ ತಲೆ ಕೊಟ್ಟಳು. ಶಾಲೆಯ ಪುಸ್ತಕದಲ್ಲಿ ವರ್ಸೇಲ್ಸ್ ಒಪ್ಪಂದ ಅಂತ ಓದಿರುತ್ತೇವಲ್ಲ, ಆಕೆ ಬಾಳಿದ್ದು ಅದೇ ವರ್ಸೇಲ್ಸ್ ಅರಮನೆಯಲ್ಲಿ.

ಬರೆದವರು ಯಾರು?

ಎಲಿಜಬೆತ್ ವಿಜೇ ಲ ಬ್ರನ್. ರಾಣಿ ಹುಟ್ಟಿದ ವರ್ಷವೇ, 1755ರಲ್ಲೇ, ಪ್ಯಾರಿಸ್ಸಿನಲ್ಲಿ ಹುಟ್ಟಿದವಳು. ಅಪ್ಪನೂ ಭಾವಚಿತ್ರ ಬರೆಯುವವನೇ. ಆಕೆಗೆ ಹನ್ನೆರಡು ವರ್ಷವಾದಾಗ ತೀರಿಕೊಂಡ. ಹದಿಹರೆಯದಲ್ಲೇ ಕುಂಚ ಹಿಡಿದು ದುಡಿದು ಮನೆ ನಡೆಸಿದಳು. 1776ರಲ್ಲಿ ಚಿತ್ರ ವ್ಯಾಪಾರಿ ಲ ಬ್ರನ್‌ನನ್ನು ಮದುವೆಯಾದಳು.

ರಾಣಿಯನ್ನು ಮೊದಲ ಸಲ ಬರೆದದ್ದು 1778ರಲ್ಲಿ. ಮಗಳ ದೊಡ್ಡ ಚಿತ್ರ ಬೇಕು ಅಂತ ವಿಯೆನ್ನಾದಿಂದ ತಾಯಿ ಕೇಳುತ್ತಲೇ ಇದ್ದಳು. ಸುಮಾರು 9 ಅಡಿ ಎತ್ತರದ ಆ ಚಿತ್ರದಲ್ಲಿ ಬಿಳಿ ಸ್ಯಾಟಿನ್ ಉಡುಗೆ, ಎರಡೂ ಬದಿಗೆ ಚಾಚಿದ ಭಾರಿ ಲಂಗ, ಕಂಬ, ಕಿರೀಟ, ಮೇಲೆ ರಾಜನ ಕಲ್ಲಿನ ಮುಖ, ಎಲ್ಲ ಇದೆ. ಅದು ಈಗಲೂ ವಿಯೆನ್ನಾದಲ್ಲೇ ಇದೆ. ಅದನ್ನೂ 1783ರದ್ದನ್ನೂ ಬರೆದದ್ದು ಒಂದೇ ಕೈ ಅಂದರೆ ನಂಬೋದು ಕಷ್ಟ. ಆ ಐದು ವರ್ಷದಲ್ಲಿ ಇಬ್ಬರ ಪರಿಚಯ ಎಷ್ಟು ಬೆಳೆದಿತ್ತು ಅನ್ನೋದು ಅಲ್ಲೇ ಕಾಣುತ್ತದೆ.

ಇನ್ನೊಂದು ವಿಷಯ. ಆಗಿನ ರಾಜಮನೆತನದ ಕಲಾ ಅಕಾಡೆಮಿಯಲ್ಲಿ ಹೆಂಗಸರಿಗೆ ಇದ್ದದ್ದು ನಾಲ್ಕೇ ಜಾಗ. ವಿಜೇ ಲ ಬ್ರನ್ ಒಳಗೆ ಹೋದದ್ದು 1783ರ ಮೇ 31ರಂದು. ಗಂಡ ಚಿತ್ರ ಮಾರುವವನು, ಹಾಗಾಗಿ ಸೇರಿಸೋಕಾಗಲ್ಲ ಅಂತ ಅಡ್ಡಿ ಬಂದಿತ್ತು. ಅರಮನೆಯ ಮಾತಿನಿಂದ ಆ ಅಡ್ಡಿ ಸರಿಯಿತು. ಅದೇ ದಿನ ಅಡೆಲಾಯ್ಡ್ ಲಬೀ ಗಿಯಾರ್ ಎಂಬ ಇನ್ನೊಬ್ಬ ಒಳ್ಳೆಯ ಕಲಾವಿದೆಯನ್ನೂ ಸೇರಿಸಿಕೊಂಡರು. ಅಂದರೆ ಅಕಾಡೆಮಿ ಸೇರಿ ಮೂರು ತಿಂಗಳಾಗುವಷ್ಟರಲ್ಲಿ ವಿಜೇ ಲ ಬ್ರನ್ ಈ ಗಲಾಟೆಯ ನಡುವೆ ಸಿಕ್ಕಿಕೊಂಡಳು.

ಗಲಾಟೆ ಆದದ್ದು ಯಾಕೆ? ಅಂಗಿ ಚೆನ್ನಾಗೇ ಇದೆಯಲ್ಲ?

ನಮ್ಮ ಕಣ್ಣಿಗೆ ಚೆನ್ನಾಗಿದೆ, ಮೈಮುಚ್ಚುವಂತಿದೆ. ಅವತ್ತಿನ ಪ್ಯಾರಿಸ್ಸಿನ ಕಣ್ಣಿಗೆ ಅದು ಒಳ ಉಡುಪು.

ಆಸ್ಥಾನದ ಉಡುಗೆ ಅಂದರೆ ಏನು ಅಂತ ಮೊದಲು ನೋಡಿ. ಎದೆಯನ್ನು ಬಿಗಿಯುವ, ತಿಮಿಂಗಿಲದ ಮೂಳೆಯ ಕಡ್ಡಿ ಹಾಕಿದ ಕುಪ್ಪಸ. ಸೊಂಟದ ಎರಡೂ ಕಡೆ ಬುಟ್ಟಿಯಂಥ ಚೌಕಟ್ಟು. ಅದರ ಮೇಲೆ ಗಜಗಟ್ಟಲೆ ರೇಷ್ಮೆ. ಉಡಿಸೋಕೆ ಸೇವಕಿಯರು ಬೇಕು, ಬಾಗಿಲು ದಾಟೋಕೆ ಅಡ್ಡಕ್ಕೆ ತಿರುಗಬೇಕು. ಇದರ ಒಳಗೆ, ಮೈಗೆ ತಾಗಿ ತೊಡುತ್ತಿದ್ದ ಬಿಳಿ ಅಂಗಿಯ ಹೆಸರು ಶಮೀಸ್. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಒಳ ಉಡುಪಿಗೆ ಶಿಮ್ಮೀಸ್ ಅಂತಾರಲ್ಲ, ಅದೂ ಈ ಪದದ ನೆಂಟನೇ.

ಚಿತ್ರದಲ್ಲಿರುವ ಅಂಗಿಯೂ ಹಾಗೇ ಹೊಲಿದದ್ದು. ತಲೆಯ ಮೇಲಿಂದ ಇಳಿಬಿಟ್ಟು, ಕೊರಳಲ್ಲಿ ಲಾಡಿ ಎಳೆದು, ಸೊಂಟಕ್ಕೆ ಪಟ್ಟಿ ಕಟ್ಟಿದರೆ ಮುಗೀತು. ಕೆರಿಬಿಯನ್‌ನ ಫ್ರೆಂಚ್ ದ್ವೀಪಗಳಲ್ಲಿ ಸೆಕೆಗೆ ಹೆಂಗಸರು ಇಂಥದ್ದನ್ನೇ ತೊಡುತ್ತಿದ್ದರು. ಅಲ್ಲಿಂದ ಬಂದ ಹೆಸರು ಗೋಲ್. ರಾಣಿಗೆ ಇದು ಬಹಳ ಹಿಡಿಸಿತ್ತು. ವರ್ಸೇಲ್ಸ್ ತೋಟದ ಮೂಲೆಯಲ್ಲಿ ಪೆಟಿಟ್ ಟ್ರಿಯನಾನ್ ಅನ್ನೋ ಚಿಕ್ಕ ಮಹಲನ್ನು ರಾಜ ಆಕೆಗೆ ಕೊಟ್ಟಿದ್ದ. ಅಲ್ಲಿ ಆಪ್ತರ ಜೊತೆ ಇರುವಾಗ ಇದನ್ನೇ ಹಾಕುತ್ತಿದ್ದಳು.

ಮನೆಯಲ್ಲಿ ತೊಟ್ಟರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಈ ಚಿತ್ರ ಪ್ಯಾರಿಸ್ಸಿನ ಲೂವ್ರ್ ಅರಮನೆಯಲ್ಲಿ ನಡೆಯುತ್ತಿದ್ದ ಸಲೋನ್ ಎಂಬ ಚಿತ್ರ ಪ್ರದರ್ಶನದ ಗೋಡೆ ಏರಿತು. ಸಲೋನ್‌ಗೆ ಟಿಕೆಟ್ ಇಲ್ಲ. ದೊರೆ ಮಕ್ಕಳಿಂದ ಹಿಡಿದು ಬೀದಿ ಬದಿಯವರ ತನಕ ಎಲ್ಲರೂ ನುಗ್ಗುತ್ತಿದ್ದರು. ನಮ್ಮ ಯಾವುದಾದರೂ ಅರಮನೆಯ ದರ್ಬಾರು ಹಾಲ್‌ನಲ್ಲಿ, ಜರತಾರಿ ಸೀರೆಯ ಮಹಾರಾಣಿಯರ ಚಿತ್ರಗಳ ಸಾಲಿನಲ್ಲಿ, ಒಬ್ಬಾಕೆ ಮಾತ್ರ ಒಡವೆ ಕಳಚಿಟ್ಟು, ಮನೆಯಲ್ಲಿ ತೊಡುವ ನೈಟಿಯಲ್ಲಿ ನಿಂತಂತೆ ಊಹಿಸಿಕೊಳ್ಳಿ. ಆ ಥರದ ಗಾಬರಿ ಅದು. ರಾಣಿಯನ್ನು ಒಳ ಅಂಗಿಯಲ್ಲಿ ಬರೆದಿದ್ದಾಳೆ ಅಂತ ಕೆಟ್ಟ ಬಾಯಿಯವರು ಆಡಿಕೊಂಡರು ಎಂದು ವಿಜೇ ಲ ಬ್ರನ್ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ಪ್ರದರ್ಶನ ಮುಗಿಯುವ ಮೊದಲೇ ಚಿತ್ರವನ್ನು ಇಳಿಸಬೇಕಾಯಿತು.

ಬಟ್ಟೆ ಹತ್ತಿಯದು ಅನ್ನೋದೂ ಒಂದು ಕಾರಣವಾ?

ಹೌದು, ಮತ್ತು ನನ್ನ ಪ್ರಕಾರ ಇದು ಮಾನ ಮರ್ಯಾದೆಯ ಮಾತಿಗಿಂತ ಗಟ್ಟಿಯಾದ ಕಾರಣ. ಫ್ರಾನ್ಸಿನ ಲಿಯೋನ್ ನಗರ ಬದುಕುತ್ತಿದ್ದದ್ದು ರೇಷ್ಮೆ ಮಗ್ಗದ ಮೇಲೆ. ರಾಣಿ ಉಟ್ಟದ್ದನ್ನು ಊರೆಲ್ಲ ಉಡುತ್ತದೆ. ರಾಣಿ ರೇಷ್ಮೆ ಬಿಟ್ಟರೆ ನೇಕಾರರ ಹೊಟ್ಟೆಗೇ ಹೊಡೆತ.

ಒಳ್ಳೆಯ ಮಲ್ಮಲ್ ಆಗ ಬರುತ್ತಿದ್ದದ್ದು ಭಾರತದಿಂದ, ಅದರಲ್ಲೂ ಬಂಗಾಳದ ಢಾಕಾ ಕಡೆಯಿಂದ. ಬಂಗಾಳ ಇಂಗ್ಲಿಷ್ ಕಂಪನಿಯ ಹಿಡಿತದಲ್ಲಿತ್ತು. ಫ್ರಾನ್ಸು ಇಂಗ್ಲೆಂಡಿನ ಜೊತೆ ಯುದ್ಧ ಮಾಡಿ ಆಗಷ್ಟೇ ಸುಸ್ತಾಗಿತ್ತು. ಅಂಥ ಹೊತ್ತಲ್ಲಿ ರಾಣಿಯ ಮೈಮೇಲೆ ಶತ್ರುವಿಗೆ ಲಾಭ ತರುವ ಬಟ್ಟೆ! ಮೊದಲೇ ಆಕೆಯನ್ನು ಆಸ್ಟ್ರಿಯಾದವಳು ಅಂತ ಹಂಗಿಸುತ್ತಿದ್ದರು. ಈಗ ಪರದೇಶದ ಬಟ್ಟೆ ಉಟ್ಟು ನಮ್ಮವರನ್ನು ಹಾಳುಮಾಡುತ್ತಿದ್ದಾಳೆ ಅನ್ನೋ ಮಾತೂ ಸೇರಿತು. ಭಾರತದ ಹತ್ತಿ ಬಟ್ಟೆಯ ಬಗ್ಗೆ ಫ್ರಾನ್ಸಿಗೆ ಈ ಭಯ ಹಳೆಯದು. ಅಚ್ಚು ಹಾಕಿದ ಹತ್ತಿ ಬಟ್ಟೆಯನ್ನು 1686ರಿಂದ 1759ರವರೆಗೆ ಅಲ್ಲಿ ಕಾನೂನಿನಿಂದಲೇ ನಿಷೇಧಿಸಿದ್ದರು.

ಬೇಸರದ ಸಂಗತಿ ಏನೆಂದರೆ, ರೇಷ್ಮೆಗೆ ದುಡ್ಡು ಸುರಿದರೆ ದುಂದು ಮಾಡ್ತಾಳೆ ಅಂದರು, ಹತ್ತಿ ತೊಟ್ಟರೆ ನೇಕಾರರಿಗೆ ದ್ರೋಹ ಅಂದರು. ಆಕೆಯ ಖರ್ಚನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಈ ವಿಷಯದಲ್ಲಿ ಆಕೆ ಏನು ಮಾಡಿದ್ದರೂ ತಪ್ಪೇ ಆಗುತ್ತಿತ್ತು.

ಚಿತ್ರ ಇಳಿಸಿದ ಮೇಲೆ ಏನಾಯಿತು?

ವಿಜೇ ಲ ಬ್ರನ್ ಇನ್ನೊಂದು ಚಿತ್ರ ಬರೆದುಕೊಟ್ಟಳು. ಕಲಾ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸಗಳಲ್ಲಿ ಇದೂ ಒಂದು. ಯಾಕೆಂದರೆ ಆಕೆ ಹೊಸದಾಗಿ ಏನನ್ನೂ ಯೋಚಿಸಲಿಲ್ಲ. ಅದೇ ಭಂಗಿ, ಅದೇ ಮುಖ, ಅದೇ ಕೈ, ಅದೇ ಗುಲಾಬಿ, ಅದೇ ರಿಬ್ಬನ್ನು. ಬದಲಾದದ್ದು ಬಟ್ಟೆ. ಈಗ ಬೂದುನೀಲಿ ರೇಷ್ಮೆ, ಅಂಚಿಗೆಲ್ಲ ಲೇಸು. ಕೊರಳಿಗೆ ಎರಡೆಳೆ ಮುತ್ತು, ಮಣಿಕಟ್ಟಿಗೂ ಮುತ್ತು. ಹುಲ್ಲಿನ ಟೋಪಿ ಹೋಗಿ ಗರಿ ಸಿಕ್ಕಿಸಿದ ತಲೆಯುಡುಗೆ ಬಂತು. ಹಿಂದೆ ಬರಿಯ ಮಬ್ಬಿದ್ದ ಜಾಗದಲ್ಲಿ ಗಿಡ, ಮರ.

ಇದನ್ನು ‘ಗುಲಾಬಿ ಹಿಡಿದ ಮೇರಿ ಆಂಟೊನೆಟ್’ ಅಂತ ಕರೆಯುತ್ತಾರೆ. ಚಾಕೊಲೇಟ್ ಡಬ್ಬಿ, ಪೋಸ್ಟ್‌ಕಾರ್ಡು, ಫೋನಿನ ಕವರು, ಎಲ್ಲೆಲ್ಲೂ ಕಾಣೋದು ಇದೇ. ಜಗತ್ತಿಗೆ ಪರಿಚಯವಾದ ಮೇರಿ ಆಂಟೊನೆಟ್ ಮುಖ ಅಂದರೆ ತಿದ್ದುಪಡಿಯಾಗಿ ಬಂದ ಈ ಚಿತ್ರದ್ದೇ. ನೋಡಿದವರು ಕೋಪಿಸಿಕೊಂಡದ್ದು ಮುಖದ ಮೇಲಲ್ಲ, ನಿಂತ ರೀತಿಯ ಮೇಲೂ ಅಲ್ಲ. ಬಟ್ಟೆ ಬದಲಾಯಿಸಿದ್ದೇ ಅವರ ಬಾಯಿ ಮುಚ್ಚಿತು.

ಆ ಥರದ ಅಂಗಿ ಅಲ್ಲಿಗೇ ನಿಂತುಹೋಯಿತಾ?

ಇಲ್ಲ. ‘ರಾಣಿ ಅಂಗಿ’ ಅಂತಲೇ ಹೆಸರು ಬಂದು ಊರೆಲ್ಲ ಹಬ್ಬಿತು. ಇಂಗ್ಲೆಂಡಿನ ಡೆವನ್‌ಶೈರ್ ಡಚೆಸ್ ಜಾರ್ಜಿಯಾನಾಗೂ ಮೇರಿ ಆಂಟೊನೆಟ್ ಒಂದು ಕಳಿಸಿದ್ದಳು. ಅದನ್ನು ತೊಟ್ಟು ಆಕೆ 1784ರಲ್ಲಿ ಒಂದು ಸಂಗೀತ ಕಚೇರಿಗೆ ಹೋದಳು. ಕ್ರಾಂತಿಯ ನಂತರ ಫ್ರೆಂಚ್ ಹೆಂಗಸರು ತೊಟ್ಟ ತೆಳು ಬಿಳಿ ಉಡುಗೆಯೂ ಇದೇ ದಾರಿಯಲ್ಲಿ ಬಂದದ್ದು.

ರಾಣಿ ನಿಜಕ್ಕೂ ಇಷ್ಟು ಚೆನ್ನಾಗಿದ್ದಳಾ, ಅಥವಾ ಚಿತ್ರಕಾರ್ತಿ ಮೆರುಗು ಹಚ್ಚಿದಳಾ?

ಮೆರುಗು ಹಚ್ಚಿದ್ದಾಳೆ, ಅದು ಆ ಕಾಲದ ಭಾವಚಿತ್ರದ ಧರ್ಮ. ಆದರೆ ಪೂರ್ತಿ ಸುಳ್ಳು ಹೇಳಿಲ್ಲ. ರಾಣಿಯ ಮುಖ ಉದ್ದ, ಕಣ್ಣು ಅಂಥಾ ದೊಡ್ಡದಲ್ಲ, ತುಟಿ ಸ್ವಲ್ಪ ದಪ್ಪ ಅಂತ ಚಿತ್ರಕಾರ್ತಿಯೇ ಬರೆದಿದ್ದಾಳೆ. ಆಕೆ ಮನಸೋತದ್ದು ನಡಿಗೆಗೆ, ತಲೆ ಎತ್ತಿ ನಡೆಯುವ ಠೀವಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಚರ್ಮದ ಬಣ್ಣಕ್ಕೆ. ನೆರಳೇ ಹಿಡಿಯದಷ್ಟು ತಿಳಿಯಾದ ಚರ್ಮ, ಅದಕ್ಕೆ ತಕ್ಕ ಬಣ್ಣ ನನ್ನ ಹತ್ತಿರ ಇರಲಿಲ್ಲ ಅಂತ ಕೊರಗಿದ್ದಾಳೆ. ಬಿಳಿ ಮಲ್ಮಲ್ ಆ ಚರ್ಮಕ್ಕೆ ಎಷ್ಟು ಹೊಂದುತ್ತದೆ ಅಂತ ಕೆನ್ನೆ, ಕೊರಳು, ಅಂಗಿ ಮೂರನ್ನೂ ಒಟ್ಟಿಗೆ ನೋಡಿದರೆ ಗೊತ್ತಾಗುತ್ತದೆ. ರೇಷ್ಮೆಯ ಚಿತ್ರದಲ್ಲಿ ಕಣ್ಣು ಮೊದಲು ಹೋಗೋದು ಬಟ್ಟೆಗೆ. ಇಲ್ಲಿ ಹೋಗೋದು ಮುಖಕ್ಕೆ.

ಇಬ್ಬರ ನಡುವೆ ಸಲಿಗೆಯೂ ಇತ್ತು. ಕೂತು ಚಿತ್ರ ಬರೆಸಿಕೊಳ್ಳುವಾಗ ಇಬ್ಬರೂ ಜೊತೆಯಲ್ಲಿ ಹಾಡುತ್ತಿದ್ದರಂತೆ. ರಾಣಿಯ ಶ್ರುತಿ ಅಷ್ಟೇನೂ ನಿಲ್ಲುತ್ತಿರಲಿಲ್ಲವಂತೆ. ಒಮ್ಮೆ ವಿಜೇ ಲ ಬ್ರನ್ ತುಂಬು ಬಸುರಿ. ಹುಷಾರಿಲ್ಲದೆ ಗೊತ್ತುಮಾಡಿದ ದಿನ ಹೋಗಲಿಲ್ಲ. ಮರುದಿನ ಕ್ಷಮೆ ಕೇಳೋಕೆ ಓಡಿದಳು. ರಾಣಿ ಗಾಡಿ ಹತ್ತಿ ಹೊರಗೆ ಹೊರಡುವುದರಲ್ಲಿದ್ದಳು. ಬಂದವಳನ್ನು ಸುಮ್ನೆ ವಾಪಸ್ ಕಳಿಸಬಾರದು ಅಂತ ಹೋಗುವುದನ್ನೇ ಬಿಟ್ಟು ಕೂತಳು. ಗಡಿಬಿಡಿಯಲ್ಲಿ ಪೆಟ್ಟಿಗೆ ತೆರೆಯಲು ಹೋಗಿ ಕುಂಚಗಳೆಲ್ಲ ನೆಲಕ್ಕೆ ಬಿದ್ದವು. ಬಗ್ಗಲು ಹೋದವಳನ್ನು ತಡೆದು, ನಿಮಗೆ ತಿಂಗಳು ತುಂಬಿದೆ, ಬಗ್ಗಬೇಡಿ ಅಂದು ಫ್ರಾನ್ಸಿನ ರಾಣಿ ತಾನೇ ಬಗ್ಗಿ ಕುಂಚ ಆರಿಸಿಕೊಟ್ಟಳು. ಇದನ್ನು ಆಕೆ ಬರೆದು ಪ್ರಕಟಿಸಿದ್ದು ಎಂಬತ್ತರ ಆಸುಪಾಸಿನಲ್ಲಿ. ಆದರೂ ನಿನ್ನೆ ಮೊನ್ನೆ ನಡೆದಂತೆ ಬರೆದಿದ್ದಾಳೆ.

ವಜ್ರದ ಹಾರದ ಹಗರಣಕ್ಕೂ ಈ ಅಂಗಿಗೂ ಏನು ಸಂಬಂಧ?

ಇದೆ, ಕೇಳಿದರೆ ಮೈ ಜುಮ್ಮೆನ್ನುತ್ತದೆ. ಜೀನ್ ದ ಲಾ ಮೋತ್ ಅನ್ನೋ ವಂಚಕಿ, ರಾಣಿಯ ಕೃಪೆಗಾಗಿ ಹಾತೊರೆಯುತ್ತಿದ್ದ, ಚರ್ಚಿನ ದೊಡ್ಡ ಧರ್ಮಗುರು ಕಾರ್ಡಿನಲ್ ರೋಹಾನ್‌ನನ್ನು ಬುಟ್ಟಿಗೆ ಹಾಕಿಕೊಂಡಳು. 1784ರ ಆಗಸ್ಟ್‌ನ ಒಂದು ರಾತ್ರಿ ವರ್ಸೇಲ್ಸ್ ತೋಟದಲ್ಲಿ ರಾಣಿಯನ್ನು ಭೇಟಿ ಮಾಡಿಸುತ್ತೇನೆ ಅಂದಳು. ರಾಣಿಯ ಹೋಲಿಕೆ ಇದ್ದ ನಿಕೋಲ್ ಎಂಬ ಹುಡುಗಿಯನ್ನು ಕರೆತಂದಳು. ಆ ಹುಡುಗಿಗೆ ತೊಡಿಸಿದ್ದು ಬಿಳಿ ಮಲ್ಮಲ್ ಅಂಗಿ. ಕೈಗೆ ಕೊಟ್ಟದ್ದು ಒಂದು ಗುಲಾಬಿ. ಹಿಂದಿನ ವರ್ಷ ಸಲೋನ್ ಗೋಡೆಯಲ್ಲಿ ಊರೆಲ್ಲ ನೋಡಿದ ವೇಷ. ಕತ್ತಲಲ್ಲಿ ಕಾರ್ಡಿನಲ್ ನಂಬಿಬಿಟ್ಟ.

ಆಮೇಲೆ ರಾಣಿಯ ಹೆಸರಲ್ಲಿ 16 ಲಕ್ಷ ಲಿವ್ರ್ ಬೆಲೆಯ, 647 ವಜ್ರಗಳ ಹಾರವನ್ನು ಸಾಲದ ಮೇಲೆ ಕೊಡಿಸಿದ. ಹಾರ ವಂಚಕರ ಕೈ ಸೇರಿ ಚೂರುಚೂರಾಗಿ ಮಾರಿಹೋಯಿತು. 1785ರಲ್ಲಿ ವಿಷಯ ಬಯಲಾಯಿತು. ರಾಣಿಗೆ ಇದರ ಗಂಧವೂ ಗೊತ್ತಿರಲಿಲ್ಲ. ಆದರೂ 1786ರಲ್ಲಿ ನ್ಯಾಯಾಲಯ ಕಾರ್ಡಿನಲ್‌ನನ್ನು ಬಿಟ್ಟಿತು. ಜನರ ಕಣ್ಣಲ್ಲಿ ಕೆಟ್ಟವಳಾದದ್ದು ರಾಣಿಯೇ.

‘ರೊಟ್ಟಿ ಇಲ್ಲದಿದ್ದರೆ ಕೇಕ್ ತಿನ್ನಲಿ’ ಅಂದವಳು ಇವಳೇ ಅಲ್ವಾ?

ಅಂದಳು ಅನ್ನೋಕೆ ಯಾವ ಆಧಾರವೂ ಇಲ್ಲ. ಚಿಂತಕ ರೂಸೋ ತನ್ನ ಆತ್ಮಕಥೆಯಲ್ಲಿ ‘ಒಬ್ಬ ದೊಡ್ಡ ರಾಜಕುಮಾರಿ’ ಹೀಗಂದಳು ಅಂತ ಬರೆದಿದ್ದಾನೆ, ಹೆಸರು ಹೇಳಿಲ್ಲ. ಆ ಭಾಗ ಬರೆಯುವ ಹೊತ್ತಿಗೆ ಮೇರಿ ಆಂಟೊನೆಟ್ ವಿಯೆನ್ನಾದಲ್ಲಿ ಆಡಿಕೊಂಡಿದ್ದ ಚಿಕ್ಕ ಹುಡುಗಿ.

ಆಮೇಲೂ ವಿಜೇ ಲ ಬ್ರನ್ ರಾಣಿಯ ಚಿತ್ರ ಬರೆದಳಾ?

ಪ್ರತಿಗಳನ್ನೂ ಸೇರಿಸಿದರೆ ಒಟ್ಟು ಸುಮಾರು 30 ಆಗುತ್ತವೆ. ಅದರಲ್ಲಿ 1787ರದ್ದು ನೋಡಲೇಬೇಕಾದದ್ದು. ಕೆಂಪು ವೆಲ್ವೆಟ್ ಉಟ್ಟ ತಾಯಿ, ಸುತ್ತ ಮಕ್ಕಳು. ದೊಡ್ಡ ಹುಡುಗ ತೊಟ್ಟಿಲಿನ ಕಡೆ ಕೈ ತೋರಿಸುತ್ತಿದ್ದಾನೆ. ತೊಟ್ಟಿಲು ಖಾಲಿ. ಚಿತ್ರ ಬರೆಯುತ್ತಿದ್ದ ಸಮಯದಲ್ಲೇ ಹಸುಗೂಸು ಸೋಫಿ ತೀರಿಕೊಂಡಿತ್ತು. ಸಲೋನ್ ತೆರೆದ ದಿನ ಚಿತ್ರ ತಡವಾಗಿ, ಬರಿಯ ಚೌಕಟ್ಟು ನೇತಾಡುತ್ತಿತ್ತು. ‘ನೋಡಿ, ಇದೇ ಖಜಾನೆಯ ಕೊರತೆ’ ಅಂತ ಯಾರೋ ಅಂದರಂತೆ. ದೇಶ ಸಾಲದಲ್ಲಿ ಮುಳುಗಿತ್ತು, ರಾಣಿಗೆ ‘ಕೊರತೆ ಅಮ್ಮ’ ಅನ್ನೋ ಅಡ್ಡಹೆಸರು ಬಿದ್ದಿತ್ತು.

ತೊಟ್ಟಿಲು ತೋರಿಸಿದ ಆ ಹುಡುಗನೂ 1789ರ ಜೂನ್‌ನಲ್ಲಿ ಹೋಗಿಬಿಟ್ಟ. ಆಮೇಲೆ ಆ ಚಿತ್ರದ ಮುಂದೆ ಹಾದುಹೋಗೋಕೆ ತಾಯಿಗೆ ಆಗಲಿಲ್ಲ. ತೆಗೆಸಿ ಬೇರೆ ಕಡೆ ಇಡಿಸಿದಳು. ಹಾಗೆ ತೆಗೆಸಿದ್ದರಿಂದಲೇ ಕ್ರಾಂತಿಯ ಜನ ನುಗ್ಗಿದಾಗ ಅದು ಉಳಿಯಿತು ಅನ್ನುತ್ತಾಳೆ ವಿಜೇ ಲ ಬ್ರನ್.

ಈ ಕಲಾವಿದೆಗೂ ನಮ್ಮ ನಾಡಿಗೂ ಏನಾದರೂ ನಂಟು ಇದೆಯಾ?

ಇದೆ! ಈ ಪ್ರಶ್ನೆ ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತೇನೆ. ಟಿಪ್ಪು ಸುಲ್ತಾನ್ ಇಂಗ್ಲಿಷರ ವಿರುದ್ಧ ಫ್ರೆಂಚರ ನೆರವು ನಂಬಿಕೊಂಡಿದ್ದ. 1783ರಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಫ್ರೆಂಚ್ ಸೈನಿಕರೂ ಜೊತೆಗಿದ್ದರು. ಯುರೋಪಿನಲ್ಲಿ ಶಾಂತಿಯಾಯಿತು ಅನ್ನೋ ಸುದ್ದಿ ಬಂದದ್ದೇ ಅವರು ಕೈಬಿಟ್ಟರು. ಪ್ಯಾರಿಸ್ಸಿನಲ್ಲಿ ರಾಣಿಯ ಅಂಗಿಯ ಗಲಾಟೆ ಆದದ್ದೂ ಅದೇ ವರ್ಷ.

ನೇರವಾಗಿ ರಾಜನನ್ನೇ ಕೇಳೋಣ ಅಂತ ಟಿಪ್ಪು ಮೂವರು ರಾಯಭಾರಿಗಳನ್ನು ಕಳಿಸಿದ. ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್. ಪಾಂಡಿಚೇರಿಯಿಂದ ಹಡಗು ಹತ್ತಿ 1788ರ ಜೂನ್‌ನಲ್ಲಿ ತೂಲೋನ್ ಬಂದರಿಗೆ ಇಳಿದರು. ಆಗಸ್ಟ್ 10ರಂದು ವರ್ಸೇಲ್ಸ್‌ನಲ್ಲಿ ಹದಿನಾರನೇ ಲೂಯಿ ಅವರನ್ನು ಬರಮಾಡಿಕೊಂಡ. ಕೇಳಿಕೊಂಡು ಹೋದ ಸೈನ್ಯ ಮಾತ್ರ ಸಿಗಲಿಲ್ಲ.

ವಿಜೇ ಲ ಬ್ರನ್ ಇವರನ್ನು ಮೊದಲು ನೋಡಿದ್ದು ಒಪೆರಾದಲ್ಲಿ. ಬರೆಯಲೇಬೇಕು ಅನ್ನಿಸಿತು. ರಾಜ ಹೇಳಿದರೆ ಮಾತ್ರ ಒಪ್ಪುತ್ತೇವೆ ಅಂದರು. ರಾಜನಿಂದ ಹೇಳಿಸಿ, ಕ್ಯಾನ್ವಾಸು ಹೊತ್ತು ಅವರು ಇಳಿದುಕೊಂಡಿದ್ದ ಮನೆಗೇ ಹೋದಳು. ಒಳಗೆ ಕಾಲಿಟ್ಟ ಕೂಡಲೇ ಒಬ್ಬರು ಪನ್ನೀರು ತಂದು ಕೈಗೆ ಚಿಮುಕಿಸಿದರಂತೆ. ಇದನ್ನು ಓದಿದಾಗ ನನಗೆ ನಮ್ಮ ಮದುವೆ ಮನೆ ಬಾಗಿಲು ಕಣ್ಣಿಗೆ ಕಟ್ಟಿತು. ದರ್ವೇಶ್ ಖಾನ್ ಆಳೆತ್ತರಕ್ಕಿಂತ ದೊಡ್ಡ ಚಿತ್ರದಲ್ಲಿ ಕತ್ತಿಯ ಮೇಲೆ ಕೈಯಿಟ್ಟು ನಿಂತಿದ್ದಾನೆ. ಮೈಮೇಲೆ ಹೂವಿನ ಬಿಳಿ ಮಲ್ಮಲ್ ನಿಲುವಂಗಿ. ರಾಣಿಗೆ ಹೊಂದಲಿಲ್ಲ ಅಂತ ಐದು ವರ್ಷದ ಹಿಂದೆ ಬೈಸಿಕೊಂಡ ಅದೇ ಜಾತಿಯ ಬಟ್ಟೆಯನ್ನು ಆಕೆ ಮತ್ತೆ ಅಷ್ಟೇ ಪ್ರೀತಿಯಿಂದ ಬರೆದಿದ್ದಾಳೆ.

ಚಿತ್ರ ಮುಗಿದ ಮೇಲೆ ದರ್ವೇಶ್ ಖಾನ್ ಅದನ್ನು ಮಂಚದ ಹಿಂದೆ ಅಡಗಿಸಿಟ್ಟು ಕೊಡಲಾರೆ ಅಂದ. ಆಕೆ ಉಪಾಯ ಹೂಡಿ ಹೊರಗೆ ತರಿಸಿಕೊಂಡಳು. ಚಿತ್ರ ಕಾಣದೆ ಅವನು ಸಿಟ್ಟಿಗೆದ್ದು, ತಪ್ಪು ಸೇವಕನದೇ ಅಂತ ಅವನನ್ನು ಕೊಲ್ಲೋಕೇ ಹೊರಟ. ಪ್ಯಾರಿಸ್ಸಿನಲ್ಲಿ ಹಾಗೆಲ್ಲ ಮಾಡುವಂತಿಲ್ಲ, ಚಿತ್ರ ಬೇಕು ಅಂದದ್ದು ರಾಜನೇ ಅಂತ ದುಭಾಷಿ ಸಮಾಧಾನ ಮಾಡಿದ. ಇದೂ ಆಕೆಯೇ ಬರೆದಿಟ್ಟದ್ದು. ಆ ಚಿತ್ರ 1789ರ ಸಲೋನ್‌ನಲ್ಲಿ ಪ್ರದರ್ಶನವಾಯಿತು. 2019ರ ಜನವರಿಯಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಸುಮಾರು 72 ಲಕ್ಷ ಡಾಲರಿಗೆ ಹೋಯಿತು. ಆಧುನಿಕ ಕಾಲಕ್ಕಿಂತ ಹಿಂದಿನ ಕಲಾವಿದೆಯೊಬ್ಬಳ ಚಿತ್ರಕ್ಕೆ ಅಲ್ಲಿಯವರೆಗೆ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ.

ಕ್ರಾಂತಿಯಲ್ಲಿ ಕಲಾವಿದೆ ಏನಾದಳು?

1789ರ ಅಕ್ಟೋಬರ್ 6ರಂದು ಜನ ರಾಜ ರಾಣಿಯನ್ನು ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಎಳೆತಂದರು. ಅದೇ ರಾತ್ರಿ ಆಕೆ ಬಡವಳ ವೇಷದಲ್ಲಿ, ಮಗಳು ಜೂಲಿಯನ್ನು ಕಟ್ಟಿಕೊಂಡು ಸಾರ್ವಜನಿಕ ಗಾಡಿ ಹತ್ತಿದಳು. ಇಟಲಿ, ವಿಯೆನ್ನಾ, ರಷ್ಯಾ ಅಂತ ಹನ್ನೆರಡು ವರ್ಷ ಊರೂರು ಸುತ್ತಿ, ಹೋದಲ್ಲೆಲ್ಲ ಚಿತ್ರ ಬರೆದು ದುಡಿದು, 1802ರಲ್ಲಿ ಪ್ಯಾರಿಸ್ಸಿಗೆ ವಾಪಸ್ ಬಂದಳು. 1842ರಲ್ಲಿ ತೀರಿಕೊಂಡಳು.

ಈ ಚಿತ್ರವನ್ನು ಎಲ್ಲಿ ನೋಡಬಹುದು?

ಮಲ್ಮಲ್ ಅಂಗಿಯದು ಜರ್ಮನಿಯಲ್ಲಿ, ಹೆಸ್ಸೆ ರಾಜಮನೆತನದ ಸಂಗ್ರಹದಲ್ಲಿದೆ. ಅದರ ಒಂದು ಹಳೆಯ ಪ್ರತಿ ಅಮೆರಿಕದ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಮೊದಲು ಅದನ್ನೂ ವಿಜೇ ಲ ಬ್ರನ್ ಕೈಯದೇ ಅನ್ನುತ್ತಿದ್ದರು, ಈಗ ಬೇರೆ ಯಾರೋ ನೋಡಿ ಬರೆದದ್ದು ಅಂತ ಫಲಕ ಹಾಕಿದ್ದಾರೆ. ಅಲ್ಲಿ ಪ್ರವೇಶ ಉಚಿತ, ಆ ಕಡೆ ಇರುವ ನಮ್ಮವರು ತಪ್ಪದೆ ನೋಡಿ. ರೇಷ್ಮೆಯದು ವರ್ಸೇಲ್ಸ್‌ನಲ್ಲೇ ಇದೆ.

ನೋಡುವಾಗ ಏನನ್ನು ಗಮನಿಸಬೇಕು?

ಮೊದಲು ತೋಳು ನೋಡಿ. ಮಲ್ಮಲ್ ಎರಡು ಪದರ ಬಿದ್ದಲ್ಲಿ ಗಟ್ಟಿ ಬಿಳಿ, ಒಂದೇ ಪದರ ಇದ್ದಲ್ಲಿ ಒಳಗಿನ ಮೈಬಣ್ಣ ತುಸು ಕೆಂಪಾಗಿ ಇಣುಕುತ್ತದೆ. ನಂತರ ಬಲಗೈ ಬೆರಳು ನೋಡಿ, ರಿಬ್ಬನ್ನನ್ನು ಎಷ್ಟು ಹಗುರ ಹಿಡಿದಿವೆ ಅಂತ.

ಕೊನೆಗೆ ಎರಡೂ ಚಿತ್ರವನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದು ಕಾಗದ ತಗೊಂಡು ಎರಡರಲ್ಲೂ ಗಲ್ಲದಿಂದ ಕೆಳಗೆ ಮುಚ್ಚಿ, ಟೋಪಿಯನ್ನೂ ಮುಚ್ಚಿ. ಉಳಿಯೋದು ಎರಡು ಮುಖ. ಯಾವುದನ್ನು ಗೋಡೆಯಿಂದ ಇಳಿಸಿದರು, ಯಾವುದನ್ನು ಏರಿಸಿದರು ಅಂತ ಮನೆಯವರನ್ನು ಕರೆದು ಕೇಳಿ ನೋಡಿ.